ಎಸೆತಕ್ಕಿಂತ ಎಣಿಕೆ: ಪುತ್ತೂರು, ಸುಳ್ಯ, ಕಡಬ ಸೀಮೆಯ ಕವಡೆ, ಕಾಯಿ ಮತ್ತು ದಾಳದ ಚರಿತ್ರೆ

ದಾಳವನ್ನು ಉರುಳಿಸಿ ಫಲವನ್ನು ನಿರ್ಧರಿಸುವ ಯಾವುದೇ ಆಟದಲ್ಲಿ ಒಂದು ಎಸೆತಕ್ಕೆ ಮೂರು ಹಂತಗಳಿರುತ್ತವೆ: ದಾಳಗಳನ್ನು ಕೈಗೆ ತೆಗೆದುಕೊಂಡು ಎಸೆಯುವುದು, ಅವು ನಿಲ್ಲುವವರೆಗೆ ಕಾಯುವುದು, ಬಿದ್ದ ಮುಖಗಳನ್ನು ನೋಡಿ ಲೆಕ್ಕ ಹಾಕುವುದು. ಮೊದಲ ಎರಡು ಹಂತಗಳು ಕ್ಷಣಮಾತ್ರದಲ್ಲಿ ಮುಗಿಯುತ್ತವೆ. ಆಟದ ಓಟ ಕುಂಠಿತವಾಗುವುದು ಬಹುಮಟ್ಟಿಗೆ ಮೂರನೆಯದರಲ್ಲಿ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಿಂದ ಜಗತ್ತಿಗೆ ಪರಿಚಿತವಾದ ಪಾತ್ರಧಾರಣೆಯ ಆಟಗಳಲ್ಲಿ, ಅಂದರೆ ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಮಾತಿನಲ್ಲೇ ಕಥೆಯನ್ನು ಮುಂದುವರಿಸುವ ಆಟಗಳಲ್ಲಿ, ಎಸೆತಗಳನ್ನು ಬೇಗ ಮುಗಿಸುವುದು ಹೇಗೆಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಆದರೆ ಈ ಪ್ರಶ್ನೆ ಹೊಸದಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವಭಾಗದಲ್ಲಿ, ಘಟ್ಟದ ತಪ್ಪಲಿಗೆ ತಾಗಿಕೊಂಡಿರುವ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಜನ ಆಡುತ್ತ ಬಂದ ಆಟಗಳನ್ನೂ ಪಾಲಿಸುತ್ತ ಬಂದ ಆಚರಣೆಗಳನ್ನೂ ಒಟ್ಟಾಗಿ ಪರಿಶೀಲಿಸಿದರೆ, ಎಣಿಕೆಯ ಹೊರೆಯನ್ನು ಬುದ್ಧಿಯಿಂದ ಇಳಿಸಿ ಕಣ್ಣಿಗೆ ವಹಿಸುವ ಒಂದು ದೀರ್ಘ ಪರಂಪರೆ ಇಲ್ಲಿ ನೆಲೆಗೊಂಡಿರುವುದು ತಿಳಿದುಬರುತ್ತದೆ.

ಈ ಪರಂಪರೆಯ ಅತ್ಯಂತ ಹಳೆಯ ಎಳೆ ಒಂದು ಕಾಡುಮರಕ್ಕೆ ಸೇರಿದ್ದು. ತ್ರಿಫಲೆಯ ಮೂರು ಕಾಯಿಗಳಲ್ಲಿ ಒಂದಾದ ತಾರೆಕಾಯಿಯನ್ನು ಕೊಡುವ, ಸಂಸ್ಕೃತದಲ್ಲಿ ವಿಭೀತಕವೆಂದು ಹೆಸರಾದ ತಾರೆಮರ ಪಶ್ಚಿಮ ಘಟ್ಟದ ತಪ್ಪಲಿನ ಕಾಡುಗಳಲ್ಲಿ ಎತ್ತರವಾಗಿ ಬೆಳೆಯುತ್ತದೆ. ವೇದಕಾಲದ ಜೂಜಿನಲ್ಲಿ ದಾಳವಾಗಿದ್ದುದು ಈ ಮರದ ಕಾಯಿಯೇ ಎಂಬುದಕ್ಕೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ, ಅಂದರೆ ಜೂಜುಕೋರನ ಪರಿತಾಪವನ್ನು ಹೇಳುವ ಸೂಕ್ತ, ಸಾಕ್ಷಿಯಾಗಿದೆ. ತಾರೆಕಾಯಿಗೆ ಸಮನಾದ ಮುಖಗಳಿಲ್ಲದಿರುವುದರಿಂದ ಅದು ಹೇಗೆ ಬಿತ್ತೆಂಬುದಕ್ಕೆ ಬೆಲೆಯಿರಲಿಲ್ಲ. ರಾಶಿಯಿಂದ ಎಷ್ಟು ಕಾಯಿ ಕೈಗೆ ಬಂದವು ಎಂಬುದಷ್ಟೇ ಮುಖ್ಯವಾಗಿತ್ತು. ಜರ್ಮನಿಯ ವಿದ್ವಾಂಸ ಹೈನ್ರಿಚ್ ಲ್ಯೂಡರ್ಸ್ 1907ರಲ್ಲಿ ಪ್ರಾಚೀನ ಭಾರತದ ದ್ಯೂತವನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದ ಪ್ರಚಾರಕ್ಕೆ ಬಂದ ವಿವರಣೆಯಂತೆ, ಕಾಯಿಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಅದು ಕೃತ, ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದೇ ಉಳಿದರೆ ಕಲಿ ಎಂದು ಪರಿಗಣಿಸಲಾಗುತ್ತಿತ್ತು. ರಾಶಿ ಎಷ್ಟೇ ದೊಡ್ಡದಿದ್ದರೂ ಉತ್ತರ ಈ ನಾಲ್ಕರಲ್ಲಿ ಒಂದೇ ಆಗಿರುವುದರಿಂದ ಕೂಡುವ ಕೆಲಸಕ್ಕೆ ಅವಕಾಶವಿರಲಿಲ್ಲ. ನಾಲ್ಕು ನಾಲ್ಕಾಗಿ ಬದಿಗೆ ಸರಿಸುತ್ತ ಹೋದರೆ ಕೊನೆಗೆ ಉಳಿದದ್ದು ತಾನಾಗಿ ಕಣ್ಣಿಗೆ ಕಾಣುತ್ತಿತ್ತು.

ಇಂಥ ಆಟದಲ್ಲಿ ರಾಶಿಯ ಮೇಲೆ ಒಮ್ಮೆ ಕಣ್ಣು ಹಾಯಿಸಿದ ಮಾತ್ರಕ್ಕೆ ಸಂಖ್ಯೆಯನ್ನು ತಿಳಿಯಬಲ್ಲವನು ಅಜೇಯನಾಗುತ್ತಾನೆ. ಮಹಾಭಾರತದ ವನಪರ್ವದ ನಳೋಪಾಖ್ಯಾನ ಈ ಸಾಮರ್ಥ್ಯವನ್ನು ಅಕ್ಷಹೃದಯ, ಎಂದರೆ ದಾಳದ ರಹಸ್ಯವೆಂದು ಕರೆಯುತ್ತದೆ. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡು ಬಾಹುಕನೆಂಬ ಸಾರಥಿಯ ವೇಷದಲ್ಲಿದ್ದ ನಳನ ಎದುರಿನಲ್ಲಿ ಋತುಪರ್ಣನು, ಓಡುತ್ತಿರುವ ರಥದಿಂದಲೇ ದಾರಿಬದಿಯ ತಾರೆಮರದ ಎಲೆಗಳ ಮತ್ತು ಕಾಯಿಗಳ ಲೆಕ್ಕವನ್ನು ಹೇಳುತ್ತಾನೆ; ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿ, ಲೆಕ್ಕ ಸರಿಯಿರುವುದನ್ನು ಕಂಡು, ತನಗೆ ತಿಳಿದಿದ್ದ ಅಶ್ವವಿದ್ಯೆಯನ್ನು ಕೊಟ್ಟು ಆ ರಹಸ್ಯವನ್ನು ಪಡೆಯುತ್ತಾನೆ. ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ಯ ಮೂಲಕವೂ ಕರಾವಳಿಯಲ್ಲಿ ಯಕ್ಷಗಾನ ಪ್ರಸಂಗದ ಮೂಲಕವೂ ಮನೆಮಾತಾದ ನಳನ ಕಥೆಯಲ್ಲಿ ಸೋಲಿಗೂ ಗೆಲುವಿಗೂ ನಡುವೆ ನಿಂತಿರುವುದು ಕೈಚಳಕವಲ್ಲ, ಶೀಘ್ರ ಗಣನೆಯ ವಿದ್ಯೆ ಎಂಬುದು ಗಮನಾರ್ಹ.

ಕಾಲಾಂತರದಲ್ಲಿ ತಾರೆಕಾಯಿಯ ಸ್ಥಾನವನ್ನು ಮುಖಗಳುಳ್ಳ ದಾಳಗಳೂ ಕವಡೆಯೂ ಆಕ್ರಮಿಸಿದವು. ಮುಖಗಳುಳ್ಳ ದಾಳಗಳೇನೂ ಹೊಸವಾಗಿರಲಿಲ್ಲ; ಸಿಂಧೂ ಕಣಿವೆಯ ನೆಲೆಗಳಲ್ಲಿಯೇ ಘನಾಕಾರದ ದಾಳಗಳೂ ಉದ್ದನೆಯ ಕಡ್ಡಿದಾಳಗಳೂ ದೊರೆತಿವೆ. ಪಗಡೆಯಲ್ಲಿ ಬಳಸುವ ಉದ್ದ ದಾಳವನ್ನು ಅಂಗೈಗಳ ನಡುವೆ ಹೊರಳಿಸಿ ನೆಲಕ್ಕೆ ಬಿಟ್ಟರೆ ಅದು ನಾಲ್ಕು ಉದ್ದ ಮುಖಗಳಲ್ಲಿ ಒಂದರ ಮೇಲೆಯೇ ನಿಲ್ಲುತ್ತದೆ ಮತ್ತು ಘನಾಕಾರದ ದಾಳದಂತೆ ದೂರ ಉರುಳಿಹೋಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ದ್ಯೂತವನ್ನು ಒಂದೇ ಸ್ಥಳದಲ್ಲಿ ನಡೆಸಬೇಕೆಂದೂ, ಅಧಿಕಾರಿಯು ಶುದ್ಧವಾದ ಉಪಕರಣಗಳನ್ನು ಒದಗಿಸಿ ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟನ್ನು ರಾಜನಿಗೆ ಸಲ್ಲಿಸಿಕೊಳ್ಳಬೇಕೆಂದೂ ವಿಧಿಸಿದೆ. ಎಸೆತ ವೇಗವಾದಷ್ಟೂ ಮೋಸಕ್ಕೆ ಎಡೆಯಾಗುತ್ತದೆ ಎಂಬ ಎಚ್ಚರಿಕೆ ಇಂಥ ನಿಯಮಗಳ ಹಿಂದೆ ಇದ್ದಿರಬೇಕು. ಒಂದು ನೋಟಕ್ಕೆ ಎಲ್ಲರಿಗೂ ಒಂದೇ ಅಂಕೆ ಕಾಣುವಂತಿರುವ ಉಪಕರಣವೇ ಆ ಭಯಕ್ಕೆ ತಕ್ಕ ಪರಿಹಾರ.

ಅಂಥ ಉಪಕರಣ ಕವಡೆ. ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳ ಸುತ್ತಣ ಕಡಲಿನಲ್ಲಿ ಸಿಗುವ ಈ ಚಿಪ್ಪು ಭಾರತದ ಅನೇಕ ಕಡೆ ಚಿಲ್ಲರೆ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಲಕ್ಷದ್ವೀಪದ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು ಟಿಪ್ಪುವಿನ ಪತನದ ತರುವಾಯ 1799ರಿಂದ 1956ರವರೆಗೆ ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವಾದ್ದರಿಂದ ಆ ದ್ವೀಪಗಳಿಗೂ ಈ ಕರಾವಳಿಗೂ ನಿಕಟವಾದ ಸಂಬಂಧವಿತ್ತು. ಕಡಲಿನಿಂದ ದೂರವಿರುವ ಒಳನಾಡಿನ ಮನೆಗಳಲ್ಲಿ ಕವಡೆ ದೊರೆಯದಿದ್ದಾಗ ಹುಣಸೆಬೀಜವನ್ನು ಕಲ್ಲಿಗೆ ತೇದು ಒಂದು ಬದಿಯನ್ನು ಬಿಳಿಯಾಗಿಸಿಕೊಂಡು ಆಡುವ ರೂಢಿ ಕರ್ನಾಟಕದಲ್ಲೆಲ್ಲ ಇದೆ. ಕವಡೆಯಾಗಲಿ ಬೀಜವಾಗಲಿ, ಎರಡೇ ಮುಖಗಳುಳ್ಳ ವಸ್ತುವಿನಲ್ಲಿ ನೋಡಬೇಕಾದದ್ದು ಮೇಲೋ ಕೆಳಗೋ ಎಂಬುದನ್ನು ಮಾತ್ರ.

ಚೌಕಾಬಾರದ ಆಟ ಈ ಗುಣವನ್ನು ಪೂರ್ಣವಾಗಿ ಬಳಸಿಕೊಂಡಿದೆ. ಐದು ಸಾಲು, ಐದು ಕಂಬಗಳ 25 ಮನೆಗಳ ಈ ಆಟದಲ್ಲಿ ಪ್ರತಿ ಆಟಗಾರನಿಗೆ ನಾಲ್ಕು ಕಾಯಿಗಳಿರುತ್ತವೆ; ಅವು ಹೊರಸುತ್ತಿನ 16 ಮನೆಗಳನ್ನೂ ಒಳಸುತ್ತಿನ 8 ಮನೆಗಳನ್ನೂ ದಾಟಿ ನಡುಮನೆಯಲ್ಲಿ ಹಣ್ಣಾಗಬೇಕು. ಎಸೆಯುವುದು ನಾಲ್ಕು ಕವಡೆಗಳನ್ನು. ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆಯೇ ನಡೆ. ನಾಲ್ಕೂ ಮೇಲಾದರೆ ಚೌಕ, ಒಂದೂ ಮೇಲಾಗದಿದ್ದರೆ ಎಂಟು. ಈ ಎರಡರಲ್ಲಿ ಯಾವುದು ಬಿದ್ದರೂ ಮತ್ತೊಮ್ಮೆ ಎಸೆಯುವ ಹಕ್ಕು ದೊರೆಯುತ್ತದೆ. ಎರಡು ಮುಖಗಳಿಗೂ ಸಮಾನ ಅವಕಾಶವಿದೆಯೆಂದು ಹಿಡಿದರೆ, ನಾಲ್ಕು ಕವಡೆಗಳು ಬೀಳಬಹುದಾದ 16 ಬಗೆಗಳಲ್ಲಿ ಎರಡು ಬೀಳುವುದು ಆರು ಸಲ, ಒಂದು ಮತ್ತು ಮೂರು ಬೀಳುವುದು ತಲಾ ನಾಲ್ಕು ಸಲ, ಚೌಕ ಮತ್ತು ಎಂಟು ಬೀಳುವುದು ತಲಾ ಒಂದು ಸಲ. ನಿಜವಾದ ಕವಡೆಯ ಉಬ್ಬು ಮತ್ತು ತೂಕದಿಂದ ಈ ಪ್ರಮಾಣ ತುಸು ಬದಲಾಗುವುದುಂಟು. ಆದರೂ ಇದರಿಂದ ಆಟದ ನಡೆಯನ್ನು ಅಳೆಯಬಹುದು. ಒಂದು ಎಸೆತದ ಸರಾಸರಿ ನಡೆ ಎರಡೂವರೆ ಮನೆ. ನಾಲ್ಕು ಕಾಯಿಗಳೂ ಹಣ್ಣಾಗಲು ನಡೆಯಬೇಕಾದದ್ದು ತಲಾ 24ರಂತೆ 96 ಮನೆ. ಕಾಯಿ ಹೊಡೆಯುವುದನ್ನೂ ವ್ಯರ್ಥವಾಗುವ ನಡೆಗಳನ್ನೂ ಬಿಟ್ಟು ಲೆಕ್ಕ ಹಾಕಿದರೆ, ಮರು ಎಸೆತವಿಲ್ಲದ ಪಕ್ಷದಲ್ಲಿ ಒಬ್ಬನಿಗೆ ಸುಮಾರು 38 ಸರದಿಗಳು ಬೇಕಾಗುತ್ತವೆ. ಮರು ಎಸೆತದ ನಿಯಮ ಅದನ್ನು ಸುಮಾರು 34ಕ್ಕೆ ಇಳಿಸುತ್ತದೆ. ಎಂಟರಲ್ಲಿ ಒಂದು ಸಲ ಒದಗುವ ಈ ಭಾಗ್ಯ ಆಟಗಾರನಿಗೆ ಸಂತೋಷವನ್ನು ಕೊಡುವುದರ ಜೊತೆಗೆ ಆಟದ ಒಟ್ಟು ಅವಧಿಯನ್ನೂ ಮೊಟಕುಗೊಳಿಸುತ್ತದೆ.

ಇಲ್ಲಿ ನಾಲ್ಕು ಎಂಬ ಸಂಖ್ಯೆ ಮತ್ತೆ ಮತ್ತೆ ಎದುರಾಗುವುದು ಆಕಸ್ಮಿಕವೆನ್ನುವಂತಿಲ್ಲ. ಎದುರಿಗಿರುವ ವಸ್ತುಗಳು ಮೂರು ಅಥವಾ ನಾಲ್ಕನ್ನು ಮೀರದಿದ್ದರೆ ಮನುಷ್ಯನು ಅವುಗಳನ್ನು ಒಂದೊಂದಾಗಿ ಎಣಿಸದೆ, ಒಮ್ಮೆಲೇ ಕಂಡು ಸಂಖ್ಯೆಯನ್ನು ಗ್ರಹಿಸುತ್ತಾನೆ. ಅದಕ್ಕಿಂತ ಹೆಚ್ಚಾದೊಡನೆ ಎಣಿಕೆ ಆರಂಭವಾಗಿ ಕಾಲ ವ್ಯಯವಾಗುತ್ತದೆ ಎಂಬುದನ್ನು ಇಪ್ಪತ್ತನೆಯ ಶತಮಾನದ ಮನೋವಿಜ್ಞಾನದ ಪ್ರಯೋಗಗಳು ತೋರಿಸಿಕೊಟ್ಟಿವೆ. ತಾರೆಕಾಯಿಯ ಆಟ ರಾಶಿಯನ್ನು ನಾಲ್ಕರ ಗುಂಪುಗಳಾಗಿ ಒಡೆದದ್ದು, ಚೌಕಾಬಾರ ಕವಡೆಗಳನ್ನು ನಾಲ್ಕಕ್ಕೆ ಸೀಮಿತಗೊಳಿಸಿದ್ದು, ಇವೆರಡರಲ್ಲಿಯೂ ಪ್ರಯೋಗಶಾಲೆಗಿಂತ ಎಷ್ಟೋ ಮೊದಲೇ ಆಡುವ ಜನ ಅನುಭವದಿಂದ ಕಂಡುಕೊಂಡ ಮಿತಿಯೇ ಕೆಲಸ ಮಾಡಿದೆ.

ಈ ಸೀಮೆಯ ಜನ ಕವಡೆಯನ್ನು ಹೆಚ್ಚು ಗಂಭೀರವಾಗಿ ಕಾಣುವುದು ಆಟದ ಹಲಗೆಯ ಮೇಲಲ್ಲ, ಅಷ್ಟಮಂಗಲ ಪ್ರಶ್ನೆಯಲ್ಲಿ. ದೇವಸ್ಥಾನದ ಅಥವಾ ದೈವಸ್ಥಾನದ ಜೀರ್ಣೋದ್ಧಾರಕ್ಕೆ ಮೊದಲು, ಇಲ್ಲವೇ ಮನೆತನಕ್ಕೆ ದೋಷವೇನಾದರೂ ಇದೆಯೇ ಎಂದು ತಿಳಿಯಬೇಕಾದಾಗ, ದೈವಜ್ಞರನ್ನು ಕರೆಸಿ ನಡೆಸುವ ಈ ಪ್ರಶ್ನಾಚಿಂತನೆ ಕೇರಳದಲ್ಲಿಯೂ ತುಳುನಾಡಿನಲ್ಲಿಯೂ ಸಮಾನವಾಗಿ ರೂಢಿಯಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಕೇರಳದಲ್ಲಿ ರಚಿತವಾದ ‘ಪ್ರಶ್ನಮಾರ್ಗ’ ಇದರ ಪ್ರಮುಖ ಆಧಾರಗ್ರಂಥ. ದೈವಜ್ಞರು 108 ಕವಡೆಗಳನ್ನು ಮುಟ್ಟಿ ಜಪಿಸಿ ಮೂರು ರಾಶಿಗಳಾಗಿ ವಿಂಗಡಿಸುತ್ತಾರೆ. ಪ್ರತಿ ರಾಶಿಯಿಂದಲೂ ಎಂಟೆಂಟು ಕವಡೆಗಳನ್ನು ತೆಗೆಯುತ್ತ ಹೋಗಿ ಕೊನೆಯಲ್ಲಿ ಉಳಿದುದನ್ನು, ಏನೂ ಉಳಿಯದಿದ್ದರೆ ಎಂಟನ್ನೇ, ಅಂಕೆಯಾಗಿ ಸ್ವೀಕರಿಸುತ್ತಾರೆ. ಹೀಗೆ ದೊರೆತ ಮೂರು ಅಂಕೆಗಳು ನೂರು, ಹತ್ತು, ಬಿಡಿ ಸ್ಥಾನಗಳಲ್ಲಿ ಕುಳಿತು ಒಂದು ಅಷ್ಟಮಂಗಲ ಸಂಖ್ಯೆಯಾಗುತ್ತದೆ; ಒಂದರಿಂದ ಎಂಟರವರೆಗಿನ ಅಂಕೆಗಳಿಗೆ ಸೂರ್ಯ, ಕುಜ, ಗುರು, ಬುಧ, ಶುಕ್ರ, ಶನಿ, ಚಂದ್ರ, ರಾಹುಗಳು ಅನುಕ್ರಮವಾಗಿ ಅಧಿಪತಿಗಳು.

ಈ ವಿಧಾನದ ಗಣಿತ ಪರಿಶೀಲನೆಗೆ ಅರ್ಹವಾಗಿದೆ. 108ನ್ನು ಎಂಟರಿಂದ ಭಾಗಿಸಿದರೆ ನಾಲ್ಕು ಉಳಿಯುವುದರಿಂದ, ಮೂರು ಅಂಕೆಗಳ ಮೊತ್ತ 4, 12 ಅಥವಾ 20 ಆಗಿಯೇ ಇರಬೇಕು. ಮೊದಲ ಎರಡು ರಾಶಿಗಳ ಅಂಕೆ ತಿಳಿದ ಕೂಡಲೇ ಮೂರನೆಯದು ಎಣಿಸದೆಯೇ ಗೊತ್ತಾಗುತ್ತದೆ. ಎಣಿಸಿದಲ್ಲಿ ಅದು ಹಿಂದಿನ ಎಣಿಕೆ ಸರಿಯೇ ಎಂಬುದಕ್ಕೆ ಪರೀಕ್ಷೆಯಾಗುತ್ತದೆ. ಅಂತೆಯೇ ಬರಬಹುದಾದ ಸಂಖ್ಯೆಗಳು ಎಂಟರ ಘನವಾದ 512 ಅಲ್ಲ, ಎಂಟರ ವರ್ಗವಾದ 64 ಮಾತ್ರ. ನೂರಕ್ಕೂ ಮೀರಿದ ಕವಡೆಗಳ ರಾಶಿಯಿಂದ, ಒಂದೇ ಒಂದು ಸಲವೂ ದೊಡ್ಡ ಮೊತ್ತವನ್ನು ಕೂಡದೆ, ತಪ್ಪನ್ನು ತಾನೇ ತೋರಿಸಿಕೊಡುವ ಮೂರಂಕಿಯ ಸಂಖ್ಯೆಯನ್ನು ಪಡೆಯುವ ಈ ಕ್ರಮ ತಾರೆಕಾಯಿಯ ಶೇಷಗಣನೆಯ ನೇರ ವಾರಸುದಾರನಂತಿದೆ. ಇಂದಿನ ಪಾತ್ರಧಾರಣೆಯ ಆಟಗಳಲ್ಲಿ ಹತ್ತು ಮುಖಗಳ ಎರಡು ದಾಳಗಳನ್ನು ಒಟ್ಟಿಗೆ ಎಸೆದು, ಒಂದನ್ನು ಹತ್ತರ ಸ್ಥಾನಕ್ಕೂ ಇನ್ನೊಂದನ್ನು ಬಿಡಿಸ್ಥಾನಕ್ಕೂ ಇಟ್ಟು, ನೂರರೊಳಗಿನ ಸಂಖ್ಯೆಯನ್ನು ಕೂಡದೆಯೇ ಓದುವ ಪದ್ಧತಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಎಸೆತವನ್ನೇ ಪೂರ್ತಿ ಬಿಟ್ಟುಕೊಟ್ಟು ಎಣಿಕೆಯನ್ನೇ ಆಟವಾಗಿಸಿದ್ದು ಚೆನ್ನೆ. ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಲ್ಲಿ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಜೋರಾಗಿ ಹೊರಗಿನ ಕೆಲಸಗಳು ನಿಂತಿರುವ ಕಾಲದಲ್ಲಿ, ಅಟ್ಟದಿಂದ ಚೆನ್ನೆಮಣೆ ಕೆಳಗಿಳಿಯುತ್ತಿತ್ತು. ಆಟಿ ಕಳೆದೊಡನೆ ಅದನ್ನು ಮತ್ತೆ ಮೇಲಿಡಬೇಕೆಂಬುದು ಸಂಪ್ರದಾಯ. ಮರದ ಮಣೆಯಲ್ಲಿ ಏಳರಂತೆ ಎರಡು ಸಾಲುಗಳಲ್ಲಿ ಕೊರೆದ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಚೆನ್ನೆಕಾಯಿಗಳು. ಇದಕ್ಕೆ ಹೆಚ್ಚಾಗಿ ಬಳಸುವುದು ಮಂಜೊಟ್ಟಿಯ ಕೆಂಪು ಬೀಜಗಳನ್ನು. ಸಾಮಾನ್ಯವಾದ ಒಂದು ಕ್ರಮದಲ್ಲಿ, ಆಡುವವರು ತಮ್ಮ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಿ, ಕೈ ಬರಿದಾದಾಗ ಅದರ ಮುಂದಿನ ಗುಳಿಯ ಕಾಯಿಗಳನ್ನೆತ್ತಿ ಮುಂದುವರಿಸುತ್ತಾರೆ. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಅವರ ಗಳಿಕೆಯಾಗಿ ಸರದಿ ಮುಗಿಯುತ್ತದೆ. ಅದೃಷ್ಟಕ್ಕೆ ಇಲ್ಲಿ ಜಾಗವಿಲ್ಲ. ಯಾವ ಗುಳಿಯಿಂದ ಎತ್ತಿದರೆ ಕೈ ಎಲ್ಲಿ ಬರಿದಾಗುತ್ತದೆಂಬುದನ್ನು ಎತ್ತುವ ಮೊದಲೇ ಕಣ್ಣಿನಲ್ಲಿ ಕಾಣಬಲ್ಲವರು ಗೆಲ್ಲುತ್ತಾರೆ. ನುರಿತ ಹೆಂಗಸರ ಕೈ ತಡವರಿಸದೆ ಗುಳಿಯಿಂದ ಗುಳಿಗೆ ಸಾಗುವುದು ಈ ಮುನ್ನೋಟದ ಬಲದಿಂದ. ಗುಳಿಗೆ ನಾಲ್ಕು ಕಾಯಿಗಳಿಂದ ಆಟ ಆರಂಭವಾಗುವುದರಲ್ಲಿ, ಒಂದೇ ನೋಟಕ್ಕೆ ದಕ್ಕುವ ಆ ಹಳೆಯ ಮಿತಿ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ.

ತುಳುವರ ಮೌಖಿಕ ಕಾವ್ಯ ಈ ಆಟಗಳನ್ನು ಕೇವಲ ವಿನೋದವೆಂದು ಕಂಡಿಲ್ಲ. ಸಿರಿ ಪಾಡ್ದನದಲ್ಲಿ ಅಬ್ಬಗೆ ಮತ್ತು ದಾರಗೆ ಎಂಬ ಅವಳಿ ಸೋದರಿಯರು ಚೆನ್ನೆಯಾಡುವಾಗ ಸೋಲು ಗೆಲುವಿನ ಮಾತು ಬೆಳೆದು, ಅಬ್ಬಗೆಯು ಮಣೆಯಿಂದ ದಾರಗೆಯನ್ನು ಹೊಡೆಯುತ್ತಾಳೆ. ತಂಗಿ ಸತ್ತದ್ದನ್ನು ಕಂಡು ತಾನೂ ಬಾವಿಗೆ ಹಾರಿ ಪ್ರಾಣ ಬಿಡುತ್ತಾಳೆ. ಸೋದರಿಯರು ಚೆನ್ನೆಗೆ ಎದುರುಬದುರು ಕೂರಬಾರದೆಂಬ ನಂಬಿಕೆ ಈ ಕಥೆಯೊಂದಿಗೆ ಹೆಣೆದುಕೊಂಡಿದೆ. ಈ ಸೀಮೆಗೆ ಹೊಂದಿಕೊಂಡಿರುವ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದರು. ಚೆನ್ನೆಯಾಟದ ಅರ್ಥವನ್ನು ಕುರಿತು ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಅವರು 1986ರಲ್ಲಿ ಪ್ರತ್ಯೇಕವಾದ ಪ್ರಬಂಧವನ್ನೇ ಬರೆದರು. ಪುತ್ತೂರು ತಾಲೂಕಿನ ಪಡುಮಲೆಯೊಂದಿಗೆ ಸಂಬಂಧವುಳ್ಳ ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನದಲ್ಲಿಯೂ ಅಲ್ಲಿನ ಅರಸನ ಮಂತ್ರಿ ಬುದ್ಯಂತನ ಮನೆಯ ಮಕ್ಕಳೊಡನೆ ಆಡಿದ ಕಾಯಿಯಾಟದ ಜಗಳ ಮುಂದಿನ ವೈರಕ್ಕೆ ಬೀಜವಾಗುತ್ತದೆ. ಆಟದ ಫಲವನ್ನು ಇಬ್ಬರೂ ಒಂದೇ ಬಗೆಯಲ್ಲಿ ಕಂಡು ಒಪ್ಪದೆ ಹೋದರೆ ಸಂಬಂಧಗಳೇ ಮುರಿಯುತ್ತವೆ ಎಂಬ ತಿಳಿವಳಿಕೆ ಈ ಕಥೆಗಳಲ್ಲಿ ಅಡಗಿದೆ. ಆದ್ದರಿಂದ ಎಣಿಕೆಯ ವೇಗಕ್ಕೂ ಸ್ಪಷ್ಟತೆಗೂ ಇಲ್ಲಿ ನೈತಿಕವಾದ ತೂಕವೂ ಇದೆ.

ಪಾತ್ರ ವಹಿಸಿ ಮಾತಿನಲ್ಲಿ ಕಥೆ ನಡೆಸುವ ಕಲೆಗೆ ಈ ಸೀಮೆಯಲ್ಲಿ ತನ್ನದೇ ಆದ ರೂಪವಿದೆ; ಅದು ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಅರ್ಥಧಾರಿಗಳು ಭಾಗವತರ ಪದ್ಯಗಳಿಗೆ ಆಶುವಾಗಿ ಮಾತು ಕಟ್ಟುತ್ತ ಪ್ರಸಂಗವನ್ನು ಬೆಳೆಸುವ ಈ ಕೂಟಗಳು ಬಯಲಾಟದ ಮೇಳಗಳು ತಿರುಗಾಟ ನಿಲ್ಲಿಸಿದ ಮಳೆಗಾಲದಲ್ಲಿ, ಚೆನ್ನೆಯಾಡುವ ದಿನಗಳಲ್ಲಿಯೇ, ಹೆಚ್ಚಾಗಿ ನಡೆಯುತ್ತವೆ. ಸುಳ್ಯ ತಾಲೂಕಿನ ದೇರಾಜೆ ಸೀತಾರಾಮಯ್ಯನವರು (1914–1984) ಈ ಕಲೆಯ ಅಗ್ರಗಣ್ಯರಲ್ಲಿ ಒಬ್ಬರು. ಮಹಾಭಾರತದ ಸಂದರ್ಭಗಳನ್ನು ನ್ಯಾಯವಿಚಾರಣೆಯ ದೃಷ್ಟಿಯಿಂದ ಪರಿಶೀಲಿಸಿದ ‘ಕುರುಕ್ಷೇತ್ರಕ್ಕೊಂದು ಆಯೋಗ’ ಅವರ ಕೃತಿ. ತಾಳಮದ್ದಳೆಯಲ್ಲಿ ಶಕುನಿ ದಾಳ ಎಸೆಯುವ ಪ್ರಸಂಗ ಬಂದರೂ ನಿಜವಾದ ದಾಳ ಉರುಳುವುದಿಲ್ಲ. ಕಥೆಯ ಅಂತ್ಯ ಎಲ್ಲರಿಗೂ ಗೊತ್ತಿರುವುದರಿಂದ ಅಲ್ಲಿ ತೀರ್ಮಾನವಾಗಬೇಕಾದದ್ದು ಘಟನೆಯ ಫಲವಲ್ಲ, ವಾದದ ಬಲ. ಅದನ್ನು ನಿರ್ಣಯಿಸುವವರು ಎದುರಾಳಿ ಅರ್ಥಧಾರಿಯೂ ಸಭೆಯೂ.

ಯುರೋಪಿನ ಯುದ್ಧಾಭ್ಯಾಸದ ಆಟಗಳ ಚರಿತ್ರೆಯೂ ಓದನ್ನು ಸುಲಭಗೊಳಿಸುವುದು, ದಾಳವನ್ನೇ ಬಿಟ್ಟು ವಿವೇಚನೆಗೆ ಒಪ್ಪಿಸುವುದು ಎಂಬ ಇದೇ ಎರಡು ದಾರಿಗಳನ್ನು ಹಿಡಿದು ಸಾಗಿದೆ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಆಟದಲ್ಲಿ, ಹಾನಿಯ ಅಂಕೆಗಳನ್ನೇ ಮುಖಗಳ ಮೇಲೆ ಬರೆದ ವಿಶೇಷ ದಾಳಗಳು ಬಳಕೆಯಾದವು. ಓದುವ ಕೆಲಸವನ್ನು ದಾಳದ ಮೇಲೆಯೇ ಮುಗಿಸಿಕೊಳ್ಳುವ ಪ್ರಯತ್ನ ಅದು. ಆ ಬಳಿಕ 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ, ದಾಳ ಮತ್ತು ಕೋಷ್ಟಕಗಳು ಆಟವನ್ನು ಜಗ್ಗುತ್ತವೆಂದು ಅವುಗಳನ್ನು ಬದಿಗಿರಿಸಿ, ಅನುಭವಿ ಮಧ್ಯಸ್ಥನ ವಿವೇಚನೆಗೆ ಫಲವನ್ನು ಬಿಟ್ಟುಕೊಟ್ಟನು. ಪಾತ್ರಧಾರಣೆಯ ಆಟಗಳು ಈ ವಂಶದಿಂದಲೇ ಬಂದವು. ಪೆಟ್ಟು ತಾಗಿತೇ ಎಂದು ನೋಡುವ ಇಪ್ಪತ್ತು ಮುಖದ ದಾಳವನ್ನೂ ತಾಗಿದರೆ ಆಗುವ ಹಾನಿಯ ದಾಳವನ್ನೂ ಒಂದೇ ಬಣ್ಣದ ಜೋಡಿಯಾಗಿ ಒಟ್ಟಿಗೆ ಎಸೆಯುವುದು, ಹಾನಿಯನ್ನು ಎಸೆಯುವ ಬದಲು ಅದರ ಸರಾಸರಿಯನ್ನೇ ಬಳಸುವುದು, ಸಣ್ಣಪುಟ್ಟ ಸಂದರ್ಭಗಳಲ್ಲಿ ಆಟ ನಡೆಸುವವನ ತೀರ್ಮಾನವನ್ನೇ ಒಪ್ಪುವುದು, ಇವು ಇಂದು ಆಟಗಾರರು ಅನುಸರಿಸುವ ಉಪಾಯಗಳು. ಮೊದಲ ಎರಡರಲ್ಲಿ ಕವಡೆಯ ವಿವೇಕವೂ ಕೊನೆಯದರಲ್ಲಿ ತಾಳಮದ್ದಳೆಯ ವಿವೇಕವೂ ಇವೆ.

ಎಸೆತವನ್ನು ತ್ವರೆಗೊಳಿಸುವುದೆಂದರೆ ಕೈಯನ್ನು ಅವಸರಪಡಿಸುವುದಲ್ಲ ಎಂಬುದೇ ಈ ಚರಿತ್ರೆ ಕಲಿಸುವ ಪಾಠ. ಒಮ್ಮೆಗೆ ನಾಲ್ಕನ್ನು ಮೀರದಂತೆ ನೋಡಬೇಕಾದದ್ದನ್ನು ಮಿತಿಗೊಳಿಸುವುದು, ಕೂಡುವುದರ ಬದಲು ಶೇಷವನ್ನು ನೋಡುವುದು, ಪ್ರತಿ ಅಂಕೆಗೂ ಮೊದಲೇ ಸ್ಥಾನವನ್ನು ಗೊತ್ತುಪಡಿಸುವುದು, ಅದೃಷ್ಟ ಬೇಡದ ಕಡೆ ದಾಳವನ್ನೇ ಕೈಬಿಡುವುದು ಎಂಬ ನಾಲ್ಕು ಉಪಾಯಗಳನ್ನು ಇಲ್ಲಿನ ಹಳೆಯ ಆಟಗಳೂ ಆಚರಣೆಗಳೂ ಪೂರ್ಣವಾಗಿ ಸಾಧಿಸಿವೆ. ಚೆನ್ನೆಮಣೆಯನ್ನು ಆಟಿಯ ಕಾರ್ಯಕ್ರಮಗಳಲ್ಲಿ ಪ್ರದರ್ಶನದ ವಸ್ತುವಾಗಿ ಇಡುವಷ್ಟಕ್ಕೇ ತೃಪ್ತಿಪಡದೆ, ಅದನ್ನೂ ಚೌಕಾಬಾರವನ್ನೂ ಶಾಲೆಗಳ ಗಣಿತದ ಪಾಠಕ್ಕೆ ಜೋಡಿಸಿದರೆ, ಸಂಭವನೀಯತೆ ಮತ್ತು ಶೇಷಗಣನೆಯಂಥ ವಿಷಯಗಳು ಪುತ್ತೂರು, ಸುಳ್ಯ, ಕಡಬದ ಮಕ್ಕಳಿಗೆ ತಮ್ಮ ಮನೆಯ ಅಟ್ಟದಲ್ಲಿರುವ ವಸ್ತುಗಳಿಂದಲೇ ತಿಳಿಯುತ್ತವೆ. ಶತಮಾನಗಳ ಕಾಲ ಆಡಿ ಪರೀಕ್ಷಿಸಿದ ಈ ಜ್ಞಾನವನ್ನು ಮುಂದಿನ ಪೀಳಿಗೆಗೆ ದಾಟಿಸಲು ಆಡಿಸಿ ಕಲಿಸುವುದಕ್ಕಿಂತ ಸೂಕ್ತವಾದ ದಾರಿ ಇನ್ನೊಂದಿಲ್ಲ.